ಭದ್ರಾವತಿ ಸ್ಟೇಷನ್ನಿನ ಬಂಗಾಳದ ತಾಯಿ

ಕೋಟೆ ರಸ್ತೆಯ ನಮ್ಮ ಸ್ಟುಡಿಯೋವನ್ನು ಈಗ ನನ್ನ ತಮ್ಮನ ಮಗ ನಡೆಸುತ್ತಾನೆ. ನಾನು ಬೆಳಿಗ್ಗೆ ಹೋಗಿ ಒಂದು ಗಂಟೆ ಕುರ್ಚಿಯಲ್ಲಿ ಕೂತು, ಯಾರೂ ಕೇಳದ ಸಲಹೆಗಳನ್ನು ಕೊಟ್ಟು ಮನೆಗೆ ಬರುತ್ತೇನೆ. ಮೊನ್ನೆ ಅಲ್ಲಿಗೆ ಒಬ್ಬ ಯುವಕ ಬಂದಿದ್ದ. ಪತ್ರಿಕೆಗೆ ಫೋಟೋ ತೆಗೆಯುವ ಕೆಲಸಕ್ಕೆ ಸೇರುತ್ತಿದ್ದಾನಂತೆ. "ನೀವು ತೆಗೆದಿದ್ರಲ್ಲಿ ತುಂಬ ಹೆಸರಾದ ಫೋಟೋ ಯಾವ್ದು ಸಾರ್?" ಎಂದು ಕೇಳಿದ. "ಯಾವ್ದೂ ಇಲ್ಲಪ್ಪ" ಎಂದೆ.

ಅವನು ಹೋದ ಮೇಲೆ, ಈ ವಯಸ್ಸಿನಲ್ಲಿ ಸುಮ್ಮನೆ ಒಂದು ಸುಳ್ಳು ಹೇಳಿದೆನಲ್ಲ ಅನ್ನಿಸಿತು. ಹೆಸರಾದ ಫೋಟೋ ಒಂದಿದೆ. ಬಂಗಾಳದ ಕ್ಷಾಮದ ಬಗ್ಗೆ ಬಂದ ಪುಸ್ತಕಗಳಲ್ಲಿ ಅದನ್ನು ಎರಡು ಸಲ ನೋಡಿದ್ದೇನೆ. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಅದನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ನಿಲ್ಲಿಸಿದ್ದರು. ಕೆಳಗೆ ತೆಗೆದವನ ಹೆಸರಿರಲಿಲ್ಲ. ಅದರಲ್ಲಿರುವ ಹೆಂಗಸಿನ ಹೆಸರೂ ಇರಲಿಲ್ಲ. ಊರಿನ ಹೆಸರು ಮಾತ್ರ ಇತ್ತು, ಅದು ತಪ್ಪು.

ಆ ಯುವಕನಿಗೆ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಈ ಕಸುಬಿಗೆ ಬಂದದ್ದು ಇಪ್ಪತ್ತರ ದಶಕದ ಕೊನೆಯಲ್ಲಿ. ನಾವು ನಾಲ್ಕು ಜನ ಅಣ್ಣತಮ್ಮಂದಿರು. ಇದ್ದ ಗದ್ದೆಗೆ ಮೂವರೇ ಹೆಚ್ಚು ಎಂದು ಲೆಕ್ಕ ಹಾಕಿದ ಅಪ್ಪ, ನನ್ನನ್ನು ಶಿವಮೊಗ್ಗದ ಫೋಟೋ ಗೋವಿಂದರಾಯರ ಹತ್ತಿರ ತಂದು ಬಿಟ್ಟರು. ಆಗ ಫಿಲ್ಮು ಎಂಬುದನ್ನು ನಾವು ಕಂಡಿರಲಿಲ್ಲ. ಗಾಜಿನ ಪ್ಲೇಟು, ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಕರಿ ಬಟ್ಟೆ. ಹಿಂದುಗಡೆ ಅರಮನೆಯ ಚಿತ್ರ ಬಿಡಿಸಿದ ಪರದೆ. ಗಾಡಿ ಹೊಡೆಯುವವನೂ ಶಾನುಭೋಗನೂ ಅದೇ ಅರಮನೆಯ ಮುಂದೆ ಕೂತು, ಅದೇ ಕೋಲು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಗೋವಿಂದರಾಯರ ನಿಜವಾದ ವಿದ್ಯೆ ಇದ್ದದ್ದು ಟಚಿಂಗಿನಲ್ಲಿ. ತೊಳೆದು ಒಣಗಿಸಿದ ಗಾಜಿನ ಪ್ಲೇಟಿನ ಮೇಲೆ ಚೂಪಾದ ಸೀಸದ ಕಡ್ಡಿಯಿಂದ ಚುಕ್ಕೆ ಚುಕ್ಕೆ ಇಟ್ಟರೆ, ಕಾಗದದ ಮೇಲೆ ಆ ಜಾಗ ಬೆಳ್ಳಗಾಗಿ ಮೂಡುತ್ತದೆ. ಸಿಡುಬಿನ ಕಲೆ ಮಾಯವಾಗುತ್ತದೆ, ಬತ್ತಿದ ಕೆನ್ನೆ ತುಂಬಿಕೊಳ್ಳುತ್ತದೆ. ಅದಕ್ಕೆ ತಿರುಗುಮುರುಗು ಕೆಲಸವೂ ಉಂಟು. ಬ್ಲೇಡಿನ ಮೊನೆಯಿಂದ ಹಗುರವಾಗಿ ಕೆರೆದರೆ ಆ ಜಾಗ ಕಪ್ಪಾಗುತ್ತದೆ. ಬೋಳು ತಲೆಗೆ ಕೂದಲು ಬರಿಸಲು ಅದು ಬೇಕಾಗುತ್ತಿತ್ತು. "ಗಿರಾಕಿ ಬರೋದು ಕನ್ನಡಿ ನೋಡ್ಕೊಳ್ಳೋಕಲ್ಲ ಕಣೋ ನಾಗಪ್ಪ, ಕನ್ನಡಿ ಅವನ ಮನೇಲೇ ಇದೆ" ಎನ್ನುತ್ತಿದ್ದರು ರಾಯರು. ಇಡೀ ಜಿಲ್ಲೆಯ ಅರ್ಧದಷ್ಟು ಮದುಮಕ್ಕಳ ಮುಖದಿಂದ ಸಿಡುಬನ್ನು ಓಡಿಸಿದ್ದು ವೈದ್ಯರಲ್ಲ, ನಾವಿಬ್ಬರು.

ಮೊದಲ ವರ್ಷಗಳಲ್ಲಿ ನಾನು ಮಾಡಿದ ತಪ್ಪುಗಳನ್ನು ಬರೆದರೆ ಬೇರೆ ಪುಸ್ತಕವೇ ಆದೀತು. ಒಂದನ್ನು ಮಾತ್ರ ಹೇಳುತ್ತೇನೆ. ಭದ್ರಾವತಿಯ ಕಾರ್ಖಾನೆಯ ಎಂಜಿನಿಯರೊಬ್ಬರಿಗೆ ಬೀಳ್ಕೊಡುಗೆ. ಮೂವತ್ತು ಜನರ ಗುಂಪಿನ ಫೋಟೋ ತೆಗೆದೆ. ಹಿಂದಿನ ದಿನ ಮದುವೆ ಮನೆಯಲ್ಲಿ ಬಳಸಿದ್ದ ಪ್ಲೇಟನ್ನೇ ಮತ್ತೆ ಬಳಸಿದ್ದೇನೆಂದು ಗೊತ್ತಾದದ್ದು ಕತ್ತಲೆ ಕೋಣೆಯಲ್ಲಿ. ಎಂಜಿನಿಯರ ತೊಡೆಯ ಮೇಲೆ ಬಾಸಿಂಗ ಕಟ್ಟಿದ ಮದುಮಗಳೊಬ್ಬಳು ಹೊಗೆಯ ಹಾಗೆ ತೆಳ್ಳಗೆ ಕೂತಿದ್ದಳು. ರಾಯರು ನನ್ನನ್ನು ಬೈಯಲಿಲ್ಲ. ಪ್ಲೇಟನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿ, "ಇಬ್ರೂ ಒಳ್ಳೇ ಜೋಡಿ ಮಾರಾಯ" ಎಂದರು. ಎಂಜಿನಿಯರು ಆಗಲೇ ಊರು ಬಿಟ್ಟಾಗಿತ್ತು. ಮದುವೆಯವರಿಗೆ ಮಾತ್ರ ಮದುಮಗಳ ಫೋಟೋ ಇಲ್ಲದೇ ಹೋಯಿತು. ಅಂದಿನಿಂದ ಬಳಸಿದ ಪ್ರತಿ ಪ್ಲೇಟಿನ ಚೌಕಟ್ಟಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕುವುದನ್ನು ಕಲಿತೆ.

ರಾಯರು ತೀರಿಕೊಂಡ ಮೇಲೆ ಸ್ಟುಡಿಯೋ ನನ್ನ ಕೈಗೆ ಬಂತು. ಅದರ ಹಿಂದೆಯೇ ಯುದ್ಧ ಬಂತು. ಪ್ಲೇಟು ಸಿಗದು, ಕಾಗದ ಸಿಗದು, ಪ್ಲೇಟು ತೊಳೆಯುವ ಔಷಧಿಗಳೂ ಸಿಗವು. ಒಂದು ಪ್ಲೇಟು ಹಾಳಾದರೆ ಊಟ ಸೇರುತ್ತಿರಲಿಲ್ಲ. ಅಂಥ ದಿನಗಳಲ್ಲಿ, ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಭದ್ರಾವತಿಯಲ್ಲಿ ಕೆಲಸ ಮುಗಿಸಿಕೊಂಡು ಶಿವಮೊಗ್ಗದ ರೈಲಿಗೆ ಕಾಯುತ್ತಿದ್ದೆ. ಮಡಚುವ ಕೈಕ್ಯಾಮೆರಾದಲ್ಲಿ ಒಂದೇ ಒಂದು ಪ್ಲೇಟು ಉಳಿದಿತ್ತು.

ಪ್ಲಾಟ್‌ಫಾರಮ್ಮಿನ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಎರಡು ವರ್ಷದ ಹೆಣ್ಣುಮಗು. ತಾಯಿ ಮಗಳಿಬ್ಬರೂ ಚಳಿಜ್ವರದಲ್ಲಿ ಬೆಂದು ಎದ್ದವರೆಂದು ನೋಡಿದರೇ ತಿಳಿಯುತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆ ಅದು ಮನೆಗೊಂದು ಇತ್ತು. ಮಗುವಿನ ಕೈಕಾಲು ಕಡ್ಡಿಯಾಗಿ, ಜ್ವರಗಡ್ಡೆಯಿಂದ ಹೊಟ್ಟೆ ಮಾತ್ರ ಉಬ್ಬಿಕೊಂಡಿತ್ತು. ಪಕ್ಕದಲ್ಲಿ ಒಂದು ಟ್ರಂಕು, ಬುಟ್ಟಿಯೊಳಗೆ ಒಂದು ಕೋಳಿ. ಗಂಡ ಸ್ಟೇಷನ್ನಿನ ಹೋಟೆಲಿನಿಂದ ಮಗುವಿಗೆ ಹಾಲು ತರುತ್ತಿದ್ದ. ಅವನನ್ನು ಕಂಡು ಅವಳು ಕತ್ತೆತ್ತಿ, ಕೈಯಲ್ಲಿದ್ದ ಕಂಚಿನ ಬಟ್ಟಲನ್ನು ಮುಂದೆ ಚಾಚಿದಳು. ಎಲೆಗಳ ಸಂದಿಯಿಂದ ಬೆಳಕು ಅವಳ ಮುಖದ ಮೇಲೂ ಬಟ್ಟಲಿನ ಅಂಚಿನ ಮೇಲೂ ಬಿತ್ತು. ನನ್ನ ಕೈ ನನ್ನನ್ನು ಕೇಳದೆಯೇ ಗುಂಡಿ ಒತ್ತಿತು.

ಗಂಡನಿಗೆ ಸಂಭ್ರಮ. "ನಮ್ದಾ ತೆಗೆದ್ರಿ ಸ್ವಾಮಿ? ಹೇಳಿದ್ರೆ ಸೆರಗು ಸರಿ ಮಾಡ್ಕೊಳ್ತಿದ್ಲು" ಎಂದ. ಅವನ ಹೆಸರು ತಿಮ್ಮಯ್ಯ, ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ. ಹೆಂಡತಿ ಗೌರಮ್ಮ ಮಗಳು ಪುಟ್ಟಿಯನ್ನು ಕರೆದುಕೊಂಡು ಸೋಗಾನೆಯ ತವರಿಗೆ ಹೊರಟಿದ್ದಳು. ಕೋಳಿ ಅವಳ ತಾಯಿಗೆ. ನನ್ನ ಅಂಗಡಿ ಎಲ್ಲಿದೆ ಎಂದು ಕೇಳಿದ, ಹೇಳಿದೆ. ಪ್ಲೇಟು ತೊಳೆದು ನೋಡಿದಾಗ, ನಾನು ಅದುವರೆಗೆ ತೆಗೆದ ಸಾವಿರಾರು ಮುಖಗಳು ಯಾವುವೂ ಜೀವಂತವಾಗಿರಲಿಲ್ಲ ಎಂದು ಗೊತ್ತಾಯಿತು.

ಮುಂದಿನ ತಿಂಗಳುಗಳಲ್ಲಿ ಬಂಗಾಳದಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಸಾಯುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿತು. ಶಿವಮೊಗ್ಗದಲ್ಲಿ ಒಂದು ಪರಿಹಾರ ಸಮಿತಿ ಹುಟ್ಟಿತು. ಅಧ್ಯಕ್ಷರು ಲಾಯರು ಶ್ರೀಕಂಠಯ್ಯನವರು. ಒಳ್ಳೆಯ ಮನುಷ್ಯ, ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ. ಭಾಷಣ ಮಾಡುವಾಗ ಅವರ ಕಣ್ಣಲ್ಲಿ ಬರುತ್ತಿದ್ದ ನೀರು ನಿಜವಾದ ನೀರು. ಒಂದು ದಿನ ಸ್ಟುಡಿಯೋಗೆ ಬಂದರು.

"ನಾಗಪ್ಪ, ಬಾಯಲ್ಲಿ ಎಷ್ಟು ಹೇಳಿದ್ರೂ ಜನಕ್ಕೆ ನಾಟೋದಿಲ್ಲ. ಕಣ್ಣಿಗೆ ಕಾಣಬೇಕು. ಒಂದು ಚಿತ್ರ ಬೇಕಲ್ಲಯ್ಯ."

"ನಾನು ಹರಿಹರದಿಂದಾಚೆಗೆ ಹೋದವನಲ್ಲ ಸ್ವಾಮಿ. ಬಂಗಾಳದ ಚಿತ್ರ ಎಲ್ಲಿಂದ ತರ್ಲಿ?"

"ಬಡವರದು ಯಾವುದಾದ್ರೂ ಇದ್ಯೇನು ನೋಡು."

ಭದ್ರಾವತಿಯ ಆ ಪ್ಲೇಟಿನಿಂದ ಮಾಡಿದ್ದ ಫೋಟೋ ಗೋಡೆಯ ಮೇಲೆಯೇ ಇತ್ತು. ನಾನು ತೋರಿಸಬೇಕಾಗಿರಲಿಲ್ಲ. ತೋರಿಸಿದೆ. ಹೊಗಳಲಿ ಎಂಬ ಆಸೆ, ಬೇರೇನೂ ಅಲ್ಲ. ಲಾಯರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಇವಳೇ ಕಣಯ್ಯ."

"ಇವಳು ಭದ್ರಾವತಿಯೋಳು ಸ್ವಾಮಿ. ಹಸಿವಲ್ಲ, ಚಳಿಜ್ವರ. ನೋಡಿ, ಪಕ್ಕದಲ್ಲಿ ಕೋಳಿ ಇದೆ."

"ಕೋಳಿ ಕತ್ತರಿಸಿ ಹಾಕು" ಎಂದರು ಲಾಯರು. ಅವರು ಅಪ್ಪಟ ಸಸ್ಯಾಹಾರಿ. "ಇದು ಬಂಗಾಳ ಅಂತ ನಾವು ಎಲ್ಲೂ ಬರೆಯೋದಿಲ್ಲ. 'ಈ ತಾಯಿಯ ಮೊರೆ ಕೇಳಿ' ಅಂತ ಮಾತ್ರ. ಇದ್ರಲ್ಲಿ ಸುಳ್ಳೇನಿದೆ, ಹೇಳು?"

ಸುಳ್ಳೇನೂ ಇರಲಿಲ್ಲ. ಕೋಳಿಯನ್ನು ಬಿಟ್ಟೆ, ಟ್ರಂಕನ್ನು ಬಿಟ್ಟೆ, ಹಾಲಿನ ಲೋಟ ಹಿಡಿದು ಬರುತ್ತಿದ್ದ ತಿಮ್ಮಯ್ಯನನ್ನು ಬಿಟ್ಟೆ. ಉಳಿದದ್ದು ಯಾರಿಗೋ ಬಟ್ಟಲು ಚಾಚಿದ ಒಬ್ಬ ಹೆಂಗಸು ಮತ್ತು ಮಗು. ಲಾಯರು ಇನ್ನೊಂದು ಮಾತು ಹೇಳಿದರು: "ಅಚ್ಚಿನಲ್ಲಿ ಕೆನ್ನೆಯ ಗುಳಿ ಸರಿಯಾಗಿ ಮೂಡುತ್ತೋ ಇಲ್ವೋ." ಆ ಕೆಲಸ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ಲೇಟನ್ನೂ ಬ್ಲೇಡನ್ನೂ ತೆಗೆದುಕೊಂಡು ಕೂತೆ. ತಾಯಿಯ ಕೆನ್ನೆ ಕೆರೆದೆ, ಕಣ್ಣಿನ ಕೆಳಗೆ ಕೆರೆದೆ. ಮಗುವಿನ ಮುಖವನ್ನು ಸ್ವಲ್ಪ ಹೆಚ್ಚೇ ಕೆರೆದೆ. ಅಷ್ಟು ವರ್ಷ ತುಂಬಿಸುವುದನ್ನೇ ಮಾಡಿದ ಕೈಗೆ ಖಾಲಿ ಮಾಡುವುದು ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಹೆಮ್ಮೆಯಾಯಿತು.

ನಮ್ಮ ಊರಿನ ಭಿತ್ತಿಪತ್ರದಲ್ಲಿ ಹೇಳಿದ ಹಾಗೆ 'ಈ ತಾಯಿಯ ಮೊರೆ ಕೇಳಿ' ಎಂದೇ ಇತ್ತು. ಬೆಂಗಳೂರಿನ ಒಂದು ಪತ್ರಿಕೆ ಅದನ್ನು ತೆಗೆದುಕೊಂಡು 'ಬಂಗಾಳದ ತಾಯಿಯ ಮೊರೆ' ಎಂದು ಮಾಡಿತು. ಅಲ್ಲಿಂದ ಮದರಾಸಿಗೆ ಹೋಗುವ ಹೊತ್ತಿಗೆ 'ಕಲ್ಕತ್ತದ ಬೀದಿಯಲ್ಲಿ ಕಂಡ ದೃಶ್ಯ' ಆಗಿತ್ತು. ಒಬ್ಬೊಬ್ಬರೂ ಒಂದೊಂದೇ ಮಾತು ಸೇರಿಸಿದ್ದರು. ಇಡೀ ಸುಳ್ಳನ್ನು ಯಾರೂ ಹೇಳಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತಿಮ್ಮಯ್ಯ ಬಂದ. ಕೈಯಲ್ಲಿ ಗೋಡೆಯಿಂದ ಕಿತ್ತ ಭಿತ್ತಿಪತ್ರ, ಹಿಂದುಗಡೆ ಇನ್ನೂ ಅಂಟು ಹಸಿಯಾಗಿತ್ತು. ಅದನ್ನು ಮೇಜಿನ ಮೇಲೆ ಹರಡಿದ.

"ಇದ್ರಾಗೆ ನಾನೆಲ್ಲಿ ಸ್ವಾಮಿ?"

ನಾನು ಭಿತ್ತಿಪತ್ರದ ಮಡಿಕೆ ಬಿಡಿಸುತ್ತ ಕೂತೆ.

"ಹಾಲು ತರ್ತಿದ್ನಲ್ಲ, ನಾನೆಲ್ಲಿ? ಕೋಳಿ ಎಲ್ಲಿ? ಗಂಡ ಇರೋ ಹೆಂಗ್ಸಿನ ಕೈಗೆ ಭಿಕ್ಷೆ ಬಟ್ಲು ಕೊಟ್ರಲ್ಲ. ಕುಲುಮೆ ತಾವ ಎಲ್ರೂ ಕೇಳ್ತಾರೆ, ಏನ್ ತಿಮ್ಮಯ್ಯ, ನಿನ್ನ ಹೆಂಡ್ತಿ ಕಲ್ಕತ್ತಕ್ಕೆ ಯಾವಾಗ ಹೋದ್ಲು ಅಂತ. ನಾನು ದುಡಿಯೋನು ಸ್ವಾಮಿ. ಯಾರ ತಾವೂ ಕೈ ಚಾಚ್ದೋನಲ್ಲ."

ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಮೆಲ್ಲಗೆ ಮಾತಾಡುತ್ತಿದ್ದ. ಅವನನ್ನು ಲಾಯರ ಮನೆಗೆ ಕರೆದುಕೊಂಡು ಹೋದೆ. ಜವಾಬ್ದಾರಿಯನ್ನು ದೊಡ್ಡವರ ಮನೆಯ ಜಗಲಿಯ ಮೇಲೆ ಇಳಿಸಿ ಬರುವುದನ್ನು ಈ ಕಸುಬು ಬೇಗ ಕಲಿಸುತ್ತದೆ.

ಲಾಯರು ಅವನನ್ನು ಕೂರಿಸಿ, ಕಾಫಿ ಕೊಡಿಸಿ, ಹೆಗಲ ಮೇಲೆ ಕೈಯಿಟ್ಟರು. "ನೋಡು ತಿಮ್ಮಯ್ಯ, ನಿನ್ನ ಹೆಂಡತಿಯ ಮುಖ ನೋಡಿ ಜನ ಮೂಟೆಗಟ್ಟಲೆ ಅಕ್ಕಿ ಕೊಡ್ತಿದಾರೆ. ಎಷ್ಟು ಮಕ್ಕಳು ಉಳೀತಾವೆ ಗೊತ್ತಾ? ಈ ಪುಣ್ಯ ಯಾರಿಗೆ ಸಿಗುತ್ತೆ?"

ತಿಮ್ಮಯ್ಯ ಕಾಫಿ ಲೋಟವನ್ನು ಕೆಳಗಿಟ್ಟ. ಆಮೇಲೆ ಕೇಳಿದ: "ಸರಿ ಸ್ವಾಮಿ. ಹಂಗಾದ್ರೆ ನಮ್ಮ ಪುಟ್ಟಿಗೆ ಸ್ವಲ್ಪ ಕ್ವಿನೈನು ಕೊಡಿಸ್ತೀರಾ? ಮತ್ತೆ ಜ್ವರ ಬಂದೈತೆ. ಆಸ್ಪತ್ರೇಲಿ ಇದ್ದಿದ್ದೆಲ್ಲ ಯುದ್ಧದ ಪಟಾಲಮ್ಮಿಗೆ ಹೋತು ಅಂತಾರೆ."

ಲಾಯರ ಮುಖ ನಿಜವಾಗಿ ಬಾಡಿತು. "ಸಮಿತಿಗೆ ಬಂದದ್ದು ಬಂಗಾಳಕ್ಕೆ ಮಾತ್ರ ಹೋಗಬೇಕು ಕಣಪ್ಪ. ಹಾಗಂತ ನಿಯಮವೇ ಇದೆ. ನಾನೇ ಬರೆದದ್ದು."

ಭಿತ್ತಿಪತ್ರ ಗೋಡೆಗಳ ಮೇಲೆಯೇ ಉಳಿಯಿತು. ನಾನು ಆ ವಾರ ಬೆಂಗಳೂರಿನ ಪತ್ರಿಕೆಗೆ ಕಾಗದ ಬರೆದೆ. ಚಿತ್ರ ತೆಗೆದದ್ದು ಭದ್ರಾವತಿಯಲ್ಲಿ, ಹೆಂಗಸು ಕಾರ್ಮಿಕನ ಹೆಂಡತಿ, ತಪ್ಪು ತಿದ್ದಬೇಕು ಎಂದು. ಹದಿನೈದು ದಿನಕ್ಕೆ ಉತ್ತರ ಬಂತು. ತಮ್ಮ ಚಿತ್ರ ಓದುಗರ ಮನ ಕಲಕಿದೆ, ಬಂಗಾಳದ ಇನ್ನಷ್ಟು ಚಿತ್ರಗಳಿದ್ದರೆ ದಯವಿಟ್ಟು ಕಳುಹಿಸಿ, ಎಂದಿತ್ತು. ಎರಡನೆಯ ಕಾಗದ ನಾನು ಬರೆಯಲಿಲ್ಲ. ಬರೆಯಬಹುದಾಗಿತ್ತು.

ಕ್ವಿನೈನಿಗಾಗಿ ಮಾತ್ರ ಅಲೆದೆ. ಮಗಳ ಮದುವೆಯ ಫೋಟೋ ತೆಗೆಸಿದ್ದ ಕಾಫಿ ತೋಟದ ಸಾಹುಕಾರರೊಬ್ಬರು, ಮನೆಮಂದಿಗೆಂದು ಇಟ್ಟುಕೊಂಡಿದ್ದ ಸೀಸೆಯಿಂದ ಕೆಲವು ಮಾತ್ರೆ ಕೊಟ್ಟರು. ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಭದ್ರಾವತಿಗೆ ಹೋಗಿ, ಕಾರ್ಖಾನೆಯ ಸಾಲುಮನೆಯಲ್ಲಿ ತಿಮ್ಮಯ್ಯನ ಮನೆ ಹುಡುಕಿ ಕೊಟ್ಟೆ. ಗೌರಮ್ಮ ಒಳಗೆ ಕರೆದು ಮಣೆ ಹಾಕಿದಳು. ಭಿತ್ತಿಪತ್ರದ ಮಾತೇ ಎತ್ತಲಿಲ್ಲ. ಪುಟ್ಟಿ ಮಾತ್ರೆಯನ್ನು ಉಗುಳಿ ಅತ್ತಳು. ಬೆಲ್ಲದ ಜೊತೆ ಅರೆದು ಕೊಟ್ಟರು. ಒಂದು ವಾರದಲ್ಲಿ ಜ್ವರ ಇಳಿದು, ಮಗು ಬಾಗಿಲ ತನಕ ಓಡಾಡಿತು ಎಂದು ತಿಮ್ಮಯ್ಯ ಹೇಳಿ ಕಳಿಸಿದ. ನನ್ನ ಋಣ ತೀರಿತು ಎಂದುಕೊಂಡು ನಾನು ಆ ದಿನ ಹೊಟ್ಟೆ ತುಂಬ ಉಂಡೆ.

ಚಳಿಗಾಲದ ಮೊದಲಿಗೆ ಸಮಿತಿಯ ಮೆರವಣಿಗೆ ಭದ್ರಾವತಿಗೆ ಹೋಯಿತು. ಮುಂದೆ ಹಾರ್ಮೋನಿಯಂ, ಹಿಂದೆ ನಾಲ್ಕು ಜನ ಮೂಲೆ ಹಿಡಿದ ದೊಡ್ಡ ಬಿಳಿ ಪಂಚೆ. ಅದರಲ್ಲಿ ಜನ ಅಕ್ಕಿ ಸುರಿಯಬೇಕು. ಬಿದಿರಿಗೆ ಕಟ್ಟಿದ ಗೌರಮ್ಮನ ಚಿತ್ರ ಎಲ್ಲಕ್ಕಿಂತ ಎತ್ತರದಲ್ಲಿ. ನಾನು ಕ್ಯಾಮೆರಾ ಹಿಡಿದು ಪಕ್ಕದಲ್ಲಿದ್ದೆ. ಕಾರ್ಖಾನೆಯ ಸಾಲುಮನೆಗಳ ಕಡೆ ಹೋಗುವುದು ಬೇಡ ಎಂದೆ. ಅಲ್ಲಿಯ ಜನ ಧಾರಾಳಿಗಳು ಎಂದು ಲಾಯರು ಅಲ್ಲಿಗೇ ಕರೆದುಕೊಂಡು ಹೋದರು.

ಗೌರಮ್ಮ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲೆ ಕಂಬಳಿ ಸುತ್ತಿದ ಮಗು ಮಲಗಿತ್ತು. ಜ್ವರ ಮತ್ತೆ ಬಂದಿತ್ತೆಂದು ಕಂಬಳಿ ನೋಡಿಯೇ ತಿಳಿಯಿತು. ಸ್ವಯಂಸೇವಕನೊಬ್ಬ ಅವಳ ಮುಂದೆ ನಿಂತು, ಅಭ್ಯಾಸವಾದ ದನಿಯಲ್ಲಿ ಹೇಳಿದ: "ತಾಯೀ, ಬಂಗಾಳದ ಈ ನಿಮ್ಮ ಅಕ್ಕನಿಗೆ ಒಂದು ಹಿಡಿ ಅಕ್ಕಿ."

ಅವಳು ತಲೆಯೆತ್ತಿ ಚಿತ್ರವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಕ್ಯಾಮೆರಾದೊಳಗೆ ಏನೋ ಕೆಟ್ಟಿದೆ ಎಂಬಂತೆ ತಲೆ ಬಗ್ಗಿಸಿದೆ. ಅವಳು ಒಳಗೆ ಹೋಗಿ ಕಾರ್ಖಾನೆಯ ರೇಷನ್ನಿನ ಅಕ್ಕಿಯನ್ನು ಮೊರದಲ್ಲಿ ತಂದು ಪಂಚೆಗೆ ಸುರಿದಳು. ಒಂದು ಹಿಡಿಯಲ್ಲ, ಮೊರದ ತುಂಬ.

"ಆ ಮಗು ಹೆಂಗೈತಂತೆ?" ಎಂದು ಸ್ವಯಂಸೇವಕನನ್ನು ಕೇಳಿದಳು.

"ನೀವು ಕೊಟ್ಟ ಅಕ್ಕಿಯಿಂದ ಖಂಡಿತ ಬದುಕುತ್ತೆ ತಾಯೀ!" ಎಂದ ಅವನು. ಸುತ್ತಲಿನವರು ಜಯಕಾರ ಹಾಕಿದರು.

ಆ ದೃಶ್ಯವನ್ನು ನಾನು ತೆಗೆಯಲಿಲ್ಲ. ನನ್ನ ಇಡೀ ಕಸುಬಿನಲ್ಲಿ ತೆಗೆಯಬೇಕಾಗಿದ್ದ ಫೋಟೋ ಅದೊಂದೇ ಎಂದು ಈಗ ಅನ್ನಿಸುತ್ತದೆ. ಮರುದಿನ ಸಾಹುಕಾರರ ಮನೆಗೆ ಮತ್ತೆ ಹೋದೆ. ಅವರ ಸೀಸೆಯೂ ಬರಿದಾಗಿತ್ತು. ದಾವಣಗೆರೆಯ ಕಡೆಗೆ ಹೇಳಿ ಕಳಿಸಿದೆ. ಅಲ್ಲಿಂದ ಬಂದ ಮಾತ್ರೆಯನ್ನು ನಾಲಿಗೆಗೆ ಹಚ್ಚಿ ನೋಡಿದರೆ ಕಹಿಯೇ ಇಲ್ಲ, ಸುಣ್ಣದ ಪುಡಿ. ಮೆರವಣಿಗೆಯಾದ ಹನ್ನೊಂದನೆಯ ದಿನ ಪುಟ್ಟಿ ತೀರಿಕೊಂಡಳು.

ನಾವು ಕಳಿಸಿದ ಅಕ್ಕಿ ಬಂಗಾಳಕ್ಕೆ ಮುಟ್ಟಿತು ಎಂದು ರೈಲ್ವೆಯ ರಸೀದಿ ಬಂತು. ಅಲ್ಲಿ ಕೆಲವು ಮಕ್ಕಳು ಆ ಅನ್ನ ಉಂಡು ಉಳಿದಿರಲೇಬೇಕು. ಅದನ್ನು ನಾನು ನಂಬುತ್ತೇನೆ, ನಂಬದೆ ವಿಧಿಯಿಲ್ಲ. ಸಮಿತಿಯ ಕೊನೆಯ ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಲಾಯರು ಮಾತಾಡುತ್ತ, "ನಮ್ಮ ನಾಗಪ್ಪ ಬಂಗಾಳವನ್ನು ಕಣ್ಣಾರೆ ಕಾಣಿಸಿದರು" ಎಂದರು. ಪುಟ್ಟಿಯ ಸುದ್ದಿ ಅವರಿಗೆ ಗೊತ್ತಿತ್ತು. ಆ ದಿನ ಅವರ ಭಾಷಣ ಅರ್ಧಕ್ಕೆ ನಿಂತಿತು. ಜನ ಅದನ್ನು ಬಂಗಾಳದ ದುಃಖ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಒಂದು ತಿಂಗಳಾದ ಮೇಲೆ ಗಂಡಹೆಂಡಿರಿಬ್ಬರೂ ಸ್ಟುಡಿಯೋಗೆ ಬಂದರು. ಗೌರಮ್ಮ ಪರದೆಯ ಅರಮನೆಯನ್ನು ನೋಡುತ್ತ ನಿಂತಳು. ತಿಮ್ಮಯ್ಯ ಹೇಳಿದ: "ಅವತ್ತಿನ ಫೋಟೋ ಒಂದು ಬೇಕಾಗಿತ್ತು ಸ್ವಾಮಿ. ಪುಟ್ಟೀದು ಬೇರೆ ಯಾವ್ದೂ ಇಲ್ಲ."

ಎಂಟು ದಿನ ಬಿಟ್ಟು ಬರಲು ಹೇಳಿದೆ. ಪ್ಲೇಟನ್ನು ಕಿಟಕಿಯ ಬೆಳಕಿಗೆ ಇಟ್ಟುಕೊಂಡು ಕೂತೆ. ಕೆರೆದದ್ದು ಕೆರೆದದ್ದೇ. ಅದರ ಅಡಿಯಲ್ಲಿದ್ದ ಮಗುವಿನ ಮುಖ ಈ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಗೋಡೆಯ ಮೇಲಿದ್ದ ಮೊದಲ ಪ್ರತಿಯನ್ನು ಲಾಯರು ಬೆಂಗಳೂರಿನ ಗೆಳೆಯರೊಬ್ಬರಿಗೆ ತೋರಿಸಲು ಕಳಿಸಿದ್ದರು, ಅದು ವಾಪಸು ಬಂದಿರಲಿಲ್ಲ. ಸೀಸದ ಕಡ್ಡಿ ಚೂಪು ಮಾಡಿ, ಬ್ಲೇಡು ಹೋದ ದಾರಿಯಲ್ಲೇ ಚುಕ್ಕೆಯ ಮೇಲೆ ಚುಕ್ಕೆ ಇಡುತ್ತ ಬಂದೆ. ತಾಯಿಯ ಮುಖಕ್ಕೆ ಎರಡು ದಿನ, ಮಗುವಿನದಕ್ಕೆ ನಾಲ್ಕು ದಿನ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಕೈ ತುಂಬಿಸುತ್ತಲೇ ಹೋಯಿತು. ಈ ಸಲ ಏನನ್ನೂ ಕತ್ತರಿಸದೆ ಇಡೀ ಪ್ಲೇಟನ್ನು ಅಚ್ಚು ಹಾಕಿ ರಟ್ಟಿಗೆ ಅಂಟಿಸಿದೆ.

ಹೇಳಿದ ದಿನವೇ ಬಂದರು. ತಿಮ್ಮಯ್ಯ ನೋಡಿದವನೇ, "ಕೋಳೀನೂ ಐತೆ ನೋಡೇ" ಎಂದ. ತಾನು ಲೋಟ ಹಿಡಿದು ನಡೆದು ಬರುತ್ತಿರುವುದನ್ನು ಬೆರಳಿಟ್ಟು ತೋರಿಸಿದ.

ಗೌರಮ್ಮ ಅದನ್ನೆಲ್ಲ ನೋಡಲಿಲ್ಲ. ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದು, ಮಗುವಿನ ಕೆನ್ನೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಇಷ್ಟು ದುಂಡಗೆ ಇರ್ಲಿಲ್ಲ ಸ್ವಾಮಿ ಅವ್ಳು" ಎಂದಳು.

ನಾನು ಏನೋ ಹೇಳಲು ಹೊರಟೆ. ಅವಳು ತಡೆದಳು.

"ಇರ್ಲಿ ಬಿಡಿ. ಹಿಂಗೇ ಇದ್ಲು ಅಂತ ಅನ್ಕೊಳ್ತೀವಿ."